ಮಣೆಯ ಹಿಂಬದಿಯ ಕಣ್ಣು

ಗಣಪತಿಯನ್ನು ಗಾಡಿಗೆ ಏರಿಸಲು ಇಬ್ಬರು ಬೇಕು. ಮುಂದೆ ಹಿಡಿದವನು ಹಿಮ್ಮುಖವಾಗಿ ನಡೆಯುತ್ತಾನೆ. ಮೂರ್ತಿಯ ಮುಖ ಅವನ ಎದುರಿಗಿರುತ್ತದೆ. ಹಿಂದೆ ಹಿಡಿದವನಿಗೆ ಮೂರ್ತಿಯ ಬೆನ್ನು, ಬಣ್ಣ ತಾಗದ ಕಿವಿಯ ಹಿಂಭಾಗ ಮತ್ತು ಕೆಳಗಿನ ಮಣೆಯ ಅಂಚು ಇಷ್ಟೇ ಕಾಣುವುದು. ಹತ್ತು ಚೌತಿ ನಾನು ಹಿಂದೆಯೇ ಹಿಡಿದವನು.

ವಾಸ್ಕೋದಲ್ಲಿ ನನ್ನದೊಂದು ಟೆಂಪೊ ಇದೆ. ನಾನು ವಿಜಾಪುರ ಕಡೆಯ ಮುಸಲ್ಮಾನ, ಏಳನೆಯ ಇಯತ್ತೆವರೆಗೆ ಓದಿದವನು. ವರ್ಷವಿಡೀ ಸಿಮೆಂಟು, ಕಬ್ಬಿಣದ ಸಳಿ, ಮನೆ ಬದಲಿಸುವವರ ಸಾಮಾನು ಹೊರುತ್ತೇನೆ. ಚೌತಿಯ ಹಿಂದಿನ ಮೂರು ದಿನ ಮಾತ್ರ ಗಾಡಿ ಮೂರ್ತಿಕಾರನದು. ಅವನೂ ನಮ್ಮ ಕಡೆಯವನೇ. ದಾಬೋಲಿಮ್‌ನ ಕಟ್ಟಡಗಳಲ್ಲಿ ಗೋಡೆಗೆ ಗಿಲಾವು ಮಾಡುವ ಗೌಂಡಿಯಾಗಿ ಬಂದು, ಮಳೆಗಾಲದಲ್ಲಿ ಕೆಲಸ ನಿಂತಾಗ ತಗಡಿನ ಶೆಡ್ಡಿನಲ್ಲಿ ಗಣಪತಿ ಮಾಡುತ್ತಿದ್ದ. ಊರಲ್ಲಿ ಅವನ ಅಜ್ಜ ಅಮಾವಾಸ್ಯೆಗೆ ಮಣ್ಣೆತ್ತು ಮಾಡುತ್ತಿದ್ದನಂತೆ. ಕೈಗೆ ಬಂದದ್ದು ಅಷ್ಟೇ, ಉಳಿದದ್ದು ತಾನೇ ಕಲಿತದ್ದು.

ನಮ್ಮ ಊರ ಕಡೆ ಮೂರ್ತಿಯನ್ನಷ್ಟೇ ತರುತ್ತಾರೆ. ಗೋವೆಯಲ್ಲಿ ಹಾಗಲ್ಲ. ಪ್ರತಿ ಮನೆಗೂ ಗಣಪತಿಯದೇ ಒಂದು ಮಣೆ ಇರುತ್ತದೆ. ಹಲಸಿನದೋ ಸಾಗವಾನಿಯದೋ, ಎರಡು ಬೆರಳು ದಪ್ಪದ್ದು. ಆಷಾಢದಲ್ಲಿ ಅದನ್ನು ತೊಳೆದು, ತೆಂಗಿನಕಾಯಿ ಇಟ್ಟು ಮೂರ್ತಿಕಾರನಿಗೆ ಒಪ್ಪಿಸುತ್ತಾರೆ. ಆ ಮನೆಯ ಮೂರ್ತಿ ಆ ಮಣೆಯ ಮೇಲೆಯೇ ಆಗಬೇಕು. ವಿಸರ್ಜನೆಯ ದಿನ ಮೂರ್ತಿ ನೀರಿಗೆ ಹೋಗುತ್ತದೆ, ಮಣೆ ಅಟ್ಟಕ್ಕೆ ಹೋಗುತ್ತದೆ. ಇಲ್ಲಿ ನೆಲೆ ನಿಂತ ನಮ್ಮವರೂ ಈ ಪದ್ಧತಿ ಹಿಡಿದಿದ್ದರು.

ಮೂರ್ತಿಕಾರ ಕಣ್ಣನ್ನು ಕೊನೆಗೆ, ಮೂರ್ತಿ ಹೊರಡುವ ದಿನವೇ ಬರೆಯುತ್ತಿದ್ದ. ಮೈಗೆಲ್ಲ ಪುಡಿ ಬಣ್ಣ, ಕಣ್ಣಿಗೆ ಮಾತ್ರ ಹೊಳಪಿರಲೆಂದು ಆಯಿಲ್ ಪೇಂಟು. ಕುಂಚ ಅದ್ದಿ ಮೊದಲು ಮೂರ್ತಿಯ ಹಿಂದೆ ಹೋಗುತ್ತಿದ್ದ. ಮಣೆಯ ಹಿಂದಿನ ಅಂಚಿನ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಒಂದೇ ಒಂದು ಕಣ್ಣು ಬರೆಯುತ್ತಿದ್ದ. ಅದು ಸರಿ ಬಂತೆಂದರೆ ಮುಂದೆ ಬಂದು ಎರಡು ಬರೆಯುತ್ತಿದ್ದ. ಪ್ರತಿ ವರ್ಷ ಹಿಂದಿನ ವರ್ಷದ ಕಣ್ಣಿನ ಪಕ್ಕಕ್ಕೆ ಇನ್ನೊಂದು ಸೇರುತ್ತಿತ್ತು. ಆಯಿಲ್ ಪೇಂಟು ನೀರಿಗೆ ಹೋಗುವುದಿಲ್ಲ. ಮನೆಯವರಿಗೆ ಆ ಅಂಚು ಗೋಡೆಯ ಕಡೆಗೆ ಇರುತ್ತಿದ್ದುದರಿಂದ ಅದರ ಗೊಡವೆ ಇರಲಿಲ್ಲ. ಕಂಡವರು ಏನೋ ಗುರುತು ಅಂದುಕೊಂಡಿದ್ದರು.

ನಾನು ಮಾತ್ರ ವರ್ಷ ವರ್ಷವೂ ಅದನ್ನೇ ನೋಡುತ್ತಾ ಹೊತ್ತವನು. ಪ್ರತಿ ಸಲ ಅವನು ಕೂಗುವುದು ಒಂದೇ ಮಾತು.

"ಹೆಬ್ಬಟ್ಟ ಸರಸಿ ಹಿಡಿಯೋ ಸಾಹೇಬಾ, ಹಸಿ ಐತಿ!"

"ಗೊತ್ತೈತೊ ಅಣ್ಣಾ. ಎಷ್ಟ ಸಲಾ ಹೇಳ್ತಿ?"

"ನೀ ಸಿಮೆಂಟ್ ಚೀಲಾ ಹಿಡದ ಹಿಡದ ಎಲ್ಲಾನೂ ಹಂಗ ಹಿಡೀತಿ. ಇದು ದೇವ್ರಪಾ."

ಮೊದಲಿನ ಮೂರ್ನಾಲ್ಕು ವರ್ಷದ ಕಣ್ಣುಗಳು ದೊಡ್ಡವು, ಮೀನಿನ ಆಕಾರದವು. ಸುತ್ತ ದಪ್ಪ ಕಪ್ಪು ಗೆರೆ, ಮೂಲೆಯಲ್ಲಿ ಕೆಂಪು. ನಾಟಕದ ರಾಜನ ಹಾಗೆ ನೆಟ್ಟಗೆ ನೋಡುವವು. ಜನಕ್ಕೆ ಅವು ಇಷ್ಟವಾಗಿದ್ದವು. ಆಮೇಲೆ ಒಂದು ಬೇಸಿಗೆ ದಾಬೋಲಿಮ್‌ನಲ್ಲಿ ಅವನು ಗೋಡೆಗೆ ಕಟ್ಟಿದ ಪರಂಚಿಯ ಅಟ್ಟಣಿಗೆ ಮೇಲಿಂದ ಬಿದ್ದ. ಕಾಲು ಮುರಿದು ಮೂರು ತಿಂಗಳು ಮಲಗಿದ. ಆ ವರ್ಷ ಮೂರ್ತಿ ತಲುಪಿಸಲು ನನ್ನ ಜೊತೆ ಬಂದಾಗ ಅವನು ನಿಲ್ಲಲಾರದೆ ಒಂದು ಮನೆಯಲ್ಲಿ ಮಕ್ಕಳ ಜೊತೆ ನೆಲದ ಮೇಲೆ ಕುಳಿತ. ಮೇಜಿನ ಮೇಲೆ ಎತ್ತರದಲ್ಲಿ ಗಣಪತಿ. ಸ್ವಲ್ಪ ಹೊತ್ತು ನೋಡಿದವನು ಗಾಡಿಯಲ್ಲಿ ಕೂತ ಮೇಲೆ ಹೇಳಿದ.

"ನಾ ಬರದ ಕಣ್ಣು ನನ್ನ ತಲೀ ಮ್ಯಾಲಿಂದ ಹಾದ ಹೊಂಟಿತ್ತಲ್ಲೋ. ಕೂತವರನ್ನ ನೋಡೂದ ಇಲ್ಲ ಅದು."

"ಇಷ್ಟ ವರ್ಷ ಗೊತ್ತಾಗ್ಲಿಲ್ಲೇನ?"

"ಮ್ಯಾಲಿಂದ ಬಿದ್ದಾಂವಗ ಕೆಳಗ ನೋಡೂದ ಗೊತ್ತಾಕ್ಕೈತಿ" ಎಂದು ನಕ್ಕ.

ಮರುವರ್ಷದಿಂದ ಕಣ್ಣು ಕೆಳಗೆ ಬಂತು. ಅಷ್ಟೇ ಅಲ್ಲ, ಯಾವ ಮನೆಯಲ್ಲಿ ಗಣಪತಿಯನ್ನು ಎಷ್ಟು ಎತ್ತರದಲ್ಲಿ ಕೂರಿಸುತ್ತಾರೆ ಎಂದು ಅವನಿಗೆ ತಿಳಿಯಬೇಕಾಯಿತು. ಆ ಕೆಲಸ ನನ್ನದಾಯಿತು. ಗಾಡಿಯಲ್ಲಿ ಒಂದು ಟೇಪು ಇಟ್ಟುಕೊಂಡು, ಮೂರ್ತಿ ಇಳಿಸಿದ ಮೇಲೆ ನೆಲದಿಂದ ಮಣೆಯವರೆಗೆ ಅಳತೆ ಹಿಡಿದು ಬಂದು ಅವನಿಗೆ ಹೇಳುತ್ತಿದ್ದೆ. ಗಣಿಗಳ ಕಡೆಯ ಸಾಂಗೆ ಊರಿನ ಮನೆಯಲ್ಲಿ ಮೂರು ಫೂಟು ಎರಡು ಇಂಚು, ಬಂದರಿನ ಮುಕಾದಮನ ಮನೆಯಲ್ಲಿ ಎರಡೂವರೆ. ಒಂದೊಂದು ಮನೆಗೆ ಕಣ್ಣುಗುಡ್ಡೆ ಒಂದೊಂದು ಕಡೆ ಕೂರುತ್ತಿತ್ತು. ಸಿಮೆಂಟು ಹೊರುವ ನನ್ನಂಥವನನ್ನು ಅಂಥ ನಾಜೂಕಿನ ಕೆಲಸಕ್ಕೆ ಅವನು ಸೇರಿಸಿಕೊಂಡ. ಅದಕ್ಕಾಗಿ ಅವನಿಗೆ ನಾನು ಎಂದೂ ಬಾಯಿಬಿಟ್ಟು ಏನೂ ಹೇಳಲಿಲ್ಲ.

ಹತ್ತನೆಯ ಚೌತಿ 2009ರದು. ಆ ಹೊತ್ತಿಗೆ ಅವನ ಬಲಗೈ ನಡುಗುತ್ತಿತ್ತು. ಚಹದ ಕಪ್ಪು ಹಿಡಿದರೆ ಬಸಿಯಲ್ಲಿ ಸದ್ದಾಗುತ್ತಿತ್ತು. ಮಣ್ಣಿನ ಕೆಲಸವನ್ನು ಹೇಗೋ ಹೆಂಡತಿಯ ಜೊತೆ ಮುಗಿಸಿದ. ಕಣ್ಣು ಬರೆಯುವ ದಿನ ಬಂದಾಗ ಶೆಡ್ಡಿನಲ್ಲಿ ಬಗ್ಗಿ ಕೈ ನಿಲ್ಲಿಸಲು ಆಗಲಿಲ್ಲ.

"ಗಾಡಿ ಹಿಂದ ತಗೋ" ಎಂದ.

ಟೆಂಪೊದ ಒಳಬದಿಗೆ, ತಗಡು ಮೂರ್ತಿಗೆ ತಾಗದಿರಲೆಂದು ನಾನು ಒಂದು ಸಾಗವಾನಿ ಹಲಗೆ ಹಾಕಿಸಿದ್ದೆ. ಅವನು ಬುಟ್ಟಿ ಬೋರಲು ಹಾಕಿ ಕುಳಿತು ಮೊಣಕೈಯನ್ನು ಆ ಹಲಗೆಗೆ ಒತ್ತಿ ಹಿಡಿದ. ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಂಡ. ಆಗ ನಡುಕ ಸ್ವಲ್ಪ ಇಳಿಯಿತು. ಆದರೆ ನಾನು ಕಾಲು ಬದಲಿಸಿದರೂ ಗಾಡಿಯ ಸ್ಪ್ರಿಂಗು ಅಲುಗುತ್ತಿತ್ತು. ಕೆಳಗಿಳಿದು ಚಾಸಿಗೆ ಜಾಕು ಕೊಟ್ಟು, ಎರಡೂ ಬದಿಗೆ ಕಟ್ಟಿಗೆಯ ತುಂಡು ಇಟ್ಟು ಗಾಡಿಯನ್ನು ಬಿಗಿ ಮಾಡಿದೆ. ಹೀಗೆ ಮೂರು ಬೆಳಗು, ಹತ್ತೊಂಬತ್ತು ಮನೆಯ ಮೂರ್ತಿಗಳು.

ಮಣೆಯ ಅಂಚಿಗೆ ಬಗ್ಗಲಾಗದೆ ಆ ಸಲ ಅವನು ಹಲಗೆಯ ಮೇಲೆಯೇ ಕಣ್ಣು ಬರೆದು ನೋಡಿದ. ಒಂದು ಬರೆದ, ಸೊಟ್ಟ ಬಂತು. ಇನ್ನೊಂದು, ಅದೂ ಸೊಟ್ಟ. ಒರೆಸಲಿಲ್ಲ. ಪಕ್ಕದಲ್ಲಿ ಮತ್ತೊಂದು ಬರೆದ. ಸರಿ ಬರುವವರೆಗೂ ಬರೆದು, ಸರಿ ಬಂದ ಕೂಡಲೇ ಆ ಹಿಡಿತ ತಪ್ಪುವ ಮೊದಲೇ ಮೂರ್ತಿಯ ಕಡೆಗೆ ತಿರುಗುತ್ತಿದ್ದ. ನಾನು ಕೆಳಗೆ ನಿಂತು ಆ ಮನೆಯ ಎತ್ತರ ಹೇಳಿದರೆ ಅದನ್ನು ಹಲಗೆಯ ಮೇಲೆ ಗುರುತು ಹಾಕಿಕೊಳ್ಳುತ್ತಿದ್ದ. ಮೂರು-ಎರಡು. ಎರಡು-ಆರು. ಅದರ ಕೆಳಗೆ ಕಣ್ಣುಗಳ ಸಾಲು. ಮೇಲಿನ ರೆಪ್ಪೆ ಬರೆಯುವ ಶಕ್ತಿ ಕೈಗೆ ಇರಲಿಲ್ಲ. ಕೆಳಗೊಂದು ಗೆರೆ, ಗೆರೆಯ ಮೇಲೊಂದು ಕಪ್ಪು ಚುಕ್ಕೆ ಮಾತ್ರ ಇತ್ತು. ಮೂರ್ತಿಗೂ ಅಷ್ಟೇ ಬರೆದ.

ಮೂರನೆಯ ದಿನ ಕೊನೆಯ ಮೂರ್ತಿ ಮುಗಿದಾಗ ಅವನು ಹಲಗೆ ನೋಡಿ ಮುಖ ತಿರುಗಿಸಿದ.

"ಇದನ್ನ ಯಾರಿಗೂ ತೋರಸಬ್ಯಾಡೊ. ಬಣ್ಣಾ ಹೊಡದ ಬಿಡು."

"ಆತಣ್ಣಾ" ಎಂದೆ.

ಶಿವರಾತ್ರಿಗೆ ಮೊದಲೇ ಅವನು ತೀರಿಕೊಂಡ. ನಾನು ಹಲಗೆಗೆ ಬಣ್ಣ ಹೊಡೆಯಲಿಲ್ಲ. ಅದರ ಮುಂದೆ ಒಂದು ಗೋಣಿಚೀಲ ಜೋತುಹಾಕಿ ಹಾಗೆಯೇ ಗಾಡಿ ಓಡಿಸಿಕೊಂಡಿದ್ದೆ.

ಆ ಬೇಸಿಗೆಯಲ್ಲೇ ದಾಬೋಲಿಮ್‌ನ ಒಬ್ಬ ಚಿತ್ರಕಲಾ ಶಿಕ್ಷಕಿ ಮೂರ್ತಿಕಾರನ ಮನೆಗೆ ಬಂದರು. ಧಾರವಾಡದವರು, ಅವನ ಹಳೆಯ ಗಿರಾಕಿ. ನಾವೆಲ್ಲ ಬಾಯಾರು ಎನ್ನುತ್ತಿದ್ದೆವು. ಕನ್ನಡ ಸಂಘದ ಸಭಾಗೃಹದಲ್ಲಿ ಅವನ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ತೋರಿಸುವ ಒಂದು ಪ್ರದರ್ಶನ ಮಾಡೋಣ ಎಂದರು. ದೊಡ್ಡ ಕಲಾವಿದರಿಗೆ ಹಾಗೆ ಮಾಡುತ್ತಾರಂತೆ. ಒಬ್ಬ ಮನುಷ್ಯ ಹೇಗೆ ಬದಲಾದ ಎಂದು ಅವನ ಕೆಲಸದಲ್ಲೇ ಕಾಣುತ್ತದಂತೆ.

ಅವನ ಹೆಂಡತಿ, ನನಗೆ ವೈನಿ, ನಕ್ಕುಬಿಟ್ಟರು. ಗಂಡ ಸತ್ತ ಮೇಲೆ ನಾನು ಕಂಡ ಮೊದಲ ನಗು ಅದು.

"ಏನ್ ತೋರಸ್ತೀರಿ ಬಾಯಾರ? ಎಲ್ಲಾ ನೀರಾಗ ಹೋಗ್ಯಾವಲ್ರಿ."

"ಮನಿ ಮನ್ಯಾಗ ಫೋಟೋ ಇರ್ತಾವ ನೋಡ್ರಿ, ಗಣಪತಿ ಮುಂದ ನಿಂತು ತಗೊಂಡಿದ್ದು."

"ಫೋಟೋದಾಗ ಮಂದೀ ಮಾರಿ ಕಾಣತೈತ್ರಿ. ಗಣಪ್ಪ ಹಿಂದ ಇರ್ತಾನ."

ಆಗ ನಾನು ಮಣೆಯ ಅಂಚಿನ ಕಣ್ಣುಗಳ ವಿಷಯ ಹೇಳಿದೆ. ಬಾಯಾರು ಎದ್ದು ನಿಂತರು. ತಮ್ಮ ಮನೆಯ ಅಟ್ಟದ ಮೇಲೂ ಅಂಥದೊಂದು ಮಣೆ ಇದೆ ಎಂದು ಅವರಿಗೇ ಆಗ ಹೊಳೆಯಿತು. ಹತ್ತೊಂಬತ್ತು ಮನೆಗಳ ಪಟ್ಟಿಯನ್ನು ಮೂರ್ತಿಕಾರ ಎಲ್ಲೂ ಬರೆದಿಟ್ಟಿರಲಿಲ್ಲ. ನನ್ನ ತಲೆಯಲ್ಲಿತ್ತು. ನಾನು ಹೇಳಿದೆ, ಬಾಯಾರು ಬರೆದುಕೊಂಡರು. ಒಂದೇ ಕಟ್ಟಳೆ ಇತ್ತು. ಆಷಾಢಕ್ಕೆ ಮುಂಚೆ ಮಣೆಗಳು ತಿರುಗಿ ಮನೆ ಸೇರಬೇಕು, ಏಕೆಂದರೆ ಅವು ಈಗ ಬೇರೆ ಮೂರ್ತಿಕಾರನ ಹತ್ತಿರ ಹೋಗಬೇಕಿತ್ತು.

ಹಲಗೆಯ ವಿಷಯ ನಾನು ಹೇಳಲಿಲ್ಲ.

ಮೊದಲ ಸುತ್ತಿನಲ್ಲಿ ಮನೆ ಮನೆಗೆ ಹೋಗಿ ಕೇಳಿದೆ. ಮಣೆ ಸಿಗದಿದ್ದುದು ಮೂರೇ ಮನೆಯಲ್ಲಿ, ಅವರೂ ಊರಿಗೆ ಹೋಗಿದ್ದರು. ಬಂದರಿನ ಕೂಲಿಗಳ ಹಳೆಯ ಮುಕಾದಮನ ಮನೆಯಲ್ಲಿ ಮಾತ್ರ ಒಂದು ಮಾತು ಬಂತು. ಮೂರ್ತಿಕಾರನಿಗೆ ಮೊದಲ ಮಣೆ ಕೊಟ್ಟವನೇ ಈ ಮುಕಾದಮ.

"ಕೊಡ್ತೇನಿ. ಆದ್ರ ಒಂದ್ ಹೇಳ್ತೇನಿ ಭಾಯಿ. ಕಡೀ ವರ್ಷದ್ದು ಅವನ ಕೈ ಅಲ್ಲ."

"ಹಂಗ್ಯಾಕಂತೀರಿ ಕಾಕಾ?"

"ಚಾದ ಕಪ್ ಹಿಡಿಯಾಕ ಆಗ್ತಿರಲಿಲ್ಲ ಅವಂಗ. ಗಣಪ್ಪನ ಕಣ್ಣು ಹೆಂಗ ಬರೀತಾನ? ಯಾರೋ ಬರದ ಕೊಟ್ಟಾರ. ಅಂವ ತನ್ನ ಹೆಸರಿನ್ಯಾಗ ಕೊಟ್ಟಾನ. ತಪ್ಪಲ್ಲ ಬಿಡು, ಹೊಟ್ಟೀಪಾಡು."

ಬೇರೆ ಎರಡು ಮನೆಗಳಲ್ಲೂ ಇದೇ ಮಾತು ಕೇಳಿದೆ. ಹೊರಡುವಾಗ ಎಲ್ಲರಿಗೂ ಹೇಳಿದ್ದು ಇಷ್ಟು: "ಎರಡ ವಾರಕ್ಕ ಬರ್ತೇನ್ರಿ. ಎಲ್ಲಾರೂ ನೋಡಾಕ ಬರ್ತಾರ, ಚಲೋತ್ನ್ಯಾಗ ತಯಾರ ಮಾಡಿ ಇಟ್ಟಿರ್ರಿ."

ಈ ಮಾತನ್ನು ನಾನು ಇವತ್ತಿಗೂ ನುಂಗಲಾರೆ.

ಎರಡನೆಯ ಸುತ್ತು ಸಾಂಗೆಯಿಂದ ಶುರುವಾಯಿತು. ಅಲ್ಲಿಯ ಮನೆಯವನು ಗಣಿ ಲಾರಿಗಳ ಫಿಟರ್. ನನ್ನ ಗಾಡಿಯ ಸದ್ದು ಕೇಳಿ ಹೊರಗೆ ಬಂದ. ಮುಖ ತುಂಬ ಹಿಗ್ಗು.

"ಭಾಯಿ, ನಮ್ಮ ಮಣಿ ನೋಡಿದ್ರ ನಿಮ್ಮ ಪ್ರದರ್ಶನದಾಗ ಉಳದವ್ರು ನಾಚಿ ಹೋಗ್ಬೇಕು!"

ಹೊಸ ಬಟ್ಟೆಯಲ್ಲಿ ಸುತ್ತಿದ್ದ ಮಣೆಯನ್ನು ಬಿಚ್ಚಿದ. ಬಡಿಗನ ಹತ್ತಿರ ಒಯ್ದು ನಾಲ್ಕೂ ಬದಿ ರಂಧಾ ಹೊಡೆಸಿ ಮೇಲಿನ ಪದರ ಹೆರೆಸಿದ್ದ. ಮೇಲೆ ಎರಡು ಕೈ ವಾರ್ನಿಶ್. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಾನು ತಿರುಗಿಸಿ ಹಿಂದಿನ ಅಂಚು ನೋಡಿದೆ. ಒಂದು ಕಣ್ಣೂ ಇಲ್ಲ, ಬರೀ ಹೊಸ ಮರ.

"ಏನಾತ? ಚಲೋ ಆಗಿಲ್ಲೇನು?"

"ಭಾಳ ಚಲೋ ಆಗೇತಿ" ಎಂದೆ.

ಅವನ ತಪ್ಪಿರಲಿಲ್ಲ. ಗಣಪತಿಯ ಮಣೆಯನ್ನು ಮನೆಯಿಂದ ಹೊರಗೆ ಕಳಿಸುವಾಗ ತೊಳೆಯದೆ ಕಳಿಸುವುದು ಇಲ್ಲಿ ಯಾರೂ ಮಾಡದ ಕೆಲಸ. ಅದರ ಮೇಲೆ ಸಭಾಗೃಹ, ಜನ, ಪ್ರದರ್ಶನ ಎಂದು ಹೇಳಿ, ತಯಾರು ಮಾಡಿ ಇಡಿ ಎಂದು ನಾನೇ ಹೇಳಿ ಬಂದಿದ್ದೆ. ಅಂಚು ಮುಟ್ಟಬೇಡಿ ಎಂಬ ಒಂದು ಮಾತು ನನ್ನ ಬಾಯಿಂದ ಬಂದಿರಲಿಲ್ಲ. ನನಗೆ ಅದು ಅಷ್ಟು ಗೊತ್ತಿದ್ದ ಸಂಗತಿಯಾದ್ದರಿಂದ ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಂಡಿದ್ದೆ.

ಹದಿನಾರು ಮಣೆಗಳಲ್ಲಿ ಐದು ಹೀಗೆ ಹೋದವು. ಒಂದಕ್ಕೆ ಮರಳು ಕಾಗದ ತಿಕ್ಕಿದ್ದರು, ಒಂದಕ್ಕೆ ಕೆಂಪು ಬಣ್ಣ ಬಳಿದಿದ್ದರು. ಮುಕಾದಮನ ಮಣೆ ಉಳಿಯಿತು, ಏಕೆಂದರೆ ಅವನ ಮುದಿ ತಾಯಿ ಅದನ್ನು ಯಾರ ಕೈಗೂ ಕೊಟ್ಟಿರಲಿಲ್ಲ. ಸಾಂಗೆಯಿಂದ ವಾಸ್ಕೋಗೆ ಬರುವ ದಾರಿಯಲ್ಲಿ ಎರಡು ಕಡೆ ಗಾಡಿ ನಿಲ್ಲಿಸಿದೆ. ಮೂರ್ತಿಕಾರನನ್ನು ಮಣ್ಣಿಗಿಟ್ಟ ದಿನ ಅಳದವನು ರಸ್ತೆ ಬದಿಯಲ್ಲಿ ಅತ್ತೆ.

ಬಾಯಾರು ಬೈಯಲಿಲ್ಲ. ಉಳಿದ ಹನ್ನೊಂದು ಮಣೆಗಳನ್ನು ಸಭಾಗೃಹದ ನೆಲದ ಮೇಲೆ ಅಂಚು ಮೇಲಾಗಿ ನಿಲ್ಲಿಸಿ, ಒಂದೇ ವರ್ಷದ ಕಣ್ಣುಗಳು ಒಂದೇ ನೇರಕ್ಕೆ ಬರುವಂತೆ ಹಿಂದೆ ಮುಂದೆ ಸರಿಸುತ್ತಾ ಇಡೀ ಮಧ್ಯಾಹ್ನ ಕಳೆದರು. ಸರಿಯಾಗಿ ಕೂತಾಗ ನನಗೇ ಆಶ್ಚರ್ಯವಾಯಿತು. ಬಿಡಿ ಬಿಡಿಯಾಗಿ ನೋಡಿದ್ದೆ, ಒಟ್ಟಿಗೆ ನೋಡಿರಲಿಲ್ಲ. ಎಡದಿಂದ ಬಲಕ್ಕೆ ನಡೆದರೆ ಕಣ್ಣಿನ ಸುತ್ತಲ ಕಪ್ಪು ತೆಳುವಾಗುತ್ತಾ ಬರುತ್ತಿತ್ತು. ಬಿದ್ದ ವರ್ಷದಲ್ಲಿ ಕಣ್ಣೇ ಸಣ್ಣದು. ಮರುವರ್ಷ ನೋಟ ಕೆಳಗಿಳಿಯುತ್ತದೆ. ಆಮೇಲೆ ಕೆಂಪು ಮೂಲೆ ಮಾಯ. ಅವನ ಬಾಳು ನನಗೆ ಗೊತ್ತಿದ್ದಷ್ಟೂ ಅಲ್ಲಿತ್ತು.

ಆಮೇಲೆ ಬಾಯಾರು ಎಣಿಸಿದರು.

"ಭಾಯಿ, ಒಂಬತ್ತ ಅದಾವ. ಹತ್ತನೇದು ಯಾವ ಮಣೀ ಮ್ಯಾಲೂ ಇಲ್ಲ."

ನಾನು ಬಗ್ಗಿ ಒಂದು ಮಣೆಯನ್ನು ಸುಮ್ಮನೆ ಸರಿಮಾಡಿ ಇಟ್ಟೆ.

"ಜನಾ ಅನ್ನೂದು ನಾನೂ ಕೇಳೇನಿ. ನನಗ ನಂಬಿಕಿ ಇಲ್ಲ. ಆದ್ರ ಇದ್ದದ್ದನ್ನ ಇದ್ದಂಗ ಹೇಳ್ಬೇಕಾಕ್ಕೈತಿ. ಸುಳ್ಳ ಬರಿಯೂದು ಸರಿ ಅಲ್ಲ."

ಮರುದಿನ ಅವರು ಪ್ರತಿ ವರ್ಷಕ್ಕೂ ಒಂದೊಂದು ಕಾಗದ ಬರೆದು ತಂದು ವೈನಿಯ ಕೈಗೆ ಕೊಟ್ಟರು, ಮನೆಯವರು ಒಪ್ಪಿದರೆ ಅಂಟಿಸೋಣ ಎಂದು. ವೈನಿಗೆ ಓದಲು ಬಾರದು. ಸಂಜೆ ನಾನು ಹೋದಾಗ ಓದಿ ಹೇಳಿ ಎಂದರು. ಒಂದೊಂದಾಗಿ ಓದಿದೆ. ಅವರು ಒಲೆಯ ಮುಂದೆ ರೊಟ್ಟಿ ಬಡಿಯುತ್ತಾ ಹೂಂ, ಹೂಂ ಎನ್ನುತ್ತಿದ್ದರು. ಕೊನೆಯ ಕಾಗದ ಬಂತು. ಹಾರಿಸಿಬಿಡಬಹುದಿತ್ತು. ಹಾರಿಸಲಿಲ್ಲ.

"ಹತ್ತನೆಯ ವರ್ಷ. ಅನಾರೋಗ್ಯದ ಕಾರಣ ಈ ವರ್ಷದ ಕಣ್ಣುಗಳನ್ನು ಬೇರೆಯವರು ಬರೆದಿರಬಹುದು."

ರೊಟ್ಟಿ ಬಡಿಯುವ ಸದ್ದು ನಿಂತಿತು.

"ಬ್ಯಾರೆದವರು ಅಂದ್ರ ಯಾರ ಭಾಯಿ?"

"ಆ ಕಾಗದಾ ಖರೇ ಗೊತ್ತಿಲ್ಲದವರು ಬರದದ್ದು ವೈನಿ."

"ಅಂವನ ಬರದದ್ದು ನಾ ನೋಡೇನಿ, ನೀವೂ ನೋಡೀರಿ. ಆದ್ರ ನಾ ಹೇಣ್ತಿ. ನೀವ್ ದೋಸ್ತ. ನಮ್ಮಿಬ್ಬರ ಮಾತ ಯಾರ ನಂಬ್ಯಾರು?" ಅವರು ಹಿಟ್ಟಿನ ಕೈಯನ್ನೇ ನೋಡುತ್ತಾ ಕುಳಿತರು. "ಮೂರ ದಿನಾ ಊಟಾ ಬಿಟ್ಟ ಬರದ. ಕೈ ಸೋತ ರಾತ್ರಿ ಬಿಸಿನೀರಾಗ ಇಟಗೊಂಡ ಕೂಡ್ತಿದ್ದ. ಅದು ಬ್ಯಾರೆದವರದಾತು ಈಗ."

ನನ್ನ ಎದೆಯಲ್ಲಿ ಆ ಐದು ಮಣೆಗಳು ಇನ್ನೂ ಚುಚ್ಚುತ್ತಿದ್ದವು. ಬಾಯಿ ತೆರೆಯದ್ದರಿಂದಲೇ ಅವು ಹೋದವು. ಈಗಲೂ ಸುಮ್ಮನಿದ್ದರೆ ಅವನ ಒಂದಿಡೀ ವರ್ಷಕ್ಕೆ ನಾನೇ ರಂಧಾ ಹೊಡೆದಂತೆ. ಇತ್ತ ಕೊಟ್ಟ ಮಾತು. ಸಾಯುವ ಮೊದಲು ಅವನು ನನ್ನಿಂದ ಬೇಡಿದ್ದು ಅದೊಂದೇ.

"ವೈನಿ, ಗಾಡೀತನಕಾ ಬರ್ರಿ" ಎಂದೆ.

ಗೋಣಿಚೀಲ ಎತ್ತಿದೆ. ಇನ್ನೂ ಬೆಳಕಿತ್ತು. ಅವರು ಬಗ್ಗಿ ನೋಡಿದರು. ಬೆರಳನ್ನು ತಾಗಿಸದೆ, ಸೊಟ್ಟ ಗೆರೆಗಳ ಮೇಲಿಂದ ಗಾಳಿಯಲ್ಲಿಯೇ ಒಂದೊಂದಾಗಿ ಸರಿಸುತ್ತಾ ಹೋದರು.

"ಎಷ್ಟ ಒದ್ದಾಡ್ಯಾನ ನೋಡ" ಎಂದರು.

"ಯಾರಿಗೂ ತೋರಸಬ್ಯಾಡ, ಬಣ್ಣಾ ಹೊಡಿ ಅಂದಿದ್ದ ವೈನಿ. ಹೂಂ ಅಂದಿದ್ದೆ."

"ಮತ್ತ ಬಣ್ಣಾ ಹೊಡದಿಲ್ಲಲ್ಲ?"

"ಮನಸ್ಸ ಬರಲಿಲ್ಲ."

"ಅಂದ್ರ ಮಾತು ಅವತ್ತ ಮುರದೀರಿ. ಈಗೇನ ಹೊಸಾದಾಗಿ ಮುರಿಯೂದೈತಿ?" ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು. "ತಗೀರಿ ಅದನ್ನ. ಅಂವ ಬೈದ್ರ ನನ್ನ ಬೈಲಿ. ಮೂವತ್ತ ವರ್ಷ ಬೈಸಿಕೊಂಡೇನಿ, ಇನ್ನೊಂದ ಸಲಾ ಬೈಸಿಕೊಂತೇನಿ."

ಮರುದಿನ ಹಲಗೆ ಬಿಚ್ಚಲು ಕುಳಿತೆ. ಎಂಟು ಬೋಲ್ಟುಗಳೂ ಉಪ್ಪು ಗಾಳಿಗೆ ತುಕ್ಕು ಹಿಡಿದಿದ್ದವು. ಸುತ್ತಿಗೆಯಿಂದ ಹೊಡೆದರೆ ಬಣ್ಣ ಉದುರೀತು. ಒಂದೊಂದಕ್ಕೂ ಸೀಮೆಎಣ್ಣೆ ಬಿಟ್ಟು, ಕಾಯ್ದು, ಪಾನಾ ಹಾಕಿ ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಎಣ್ಣೆ ಬಿಟ್ಟೆ. ಏಳು ಬಂದವು. ಎಂಟನೆಯದು ಬರಲಿಲ್ಲ. ಅದರ ತಲೆಯ ಪಕ್ಕದಲ್ಲೇ ಒಂದು ಕಣ್ಣಿತ್ತು. ಹಲಗೆಯ ಕಡೆ ಕೈ ಹಾಕದೆ, ಹೊರಗಿನಿಂದ ಗಾಡಿಯ ತಗಡನ್ನೇ ಬೋಲ್ಟಿನ ಸುತ್ತ ಕತ್ತರಿಸಿದೆ. ಟೆಂಪೊದ ಬದಿಗೆ ರೂಪಾಯಿ ಬಿಲ್ಲೆಯಷ್ಟಗಲದ ತೂತು ಬಿತ್ತು. ಅದು ಇವತ್ತಿಗೂ ಇದೆ.

ಬಾಯಾರು ಬಗ್ಗಿ ಹಲಗೆಯನ್ನು ಸಾಲು ಸಾಲಾಗಿ ನೋಡಿದರು. ಆಮೇಲೆ ಹತ್ತನೆಯ ವರ್ಷದ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. "ಇದಕ್ಕ ಕಾಗದಾ ಬ್ಯಾಡ್ರಿ" ಎಂದರು. ರಂಧಾ ಹೊಡೆದ ಐದು ಮಣೆಗಳನ್ನೂ ಸಾಲಿನಲ್ಲಿಯೇ ಇಡೋಣ ಎಂದದ್ದು ನಾನು. ಮನೆಯವರು ಪ್ರೀತಿಯಿಂದ ಕೊಟ್ಟದ್ದು, ಹಿಂದೆ ಬಚ್ಚಿಡುವುದು ಬೇಡ ಎನ್ನಿಸಿತು. ಖಾಲಿ ಅಂಚನ್ನು ಹೊರಗೆ ಮಾಡಿ ಅವನ್ನೂ ಇಟ್ಟೆವು. ಇವನ್ನು ಇಡುವ ಮೇಜಿನ ಎತ್ತರ ಎಷ್ಟಿರಬೇಕು ಎಂದು ಬಾಯಾರು ಕೇಳಿದರು. ಎರಡೂವರೆ ಫೂಟು ಎಂದೆ. ಹೊರುವಾಗ ನನ್ನ ಕೈ ಇರುತ್ತಿದ್ದ ಎತ್ತರ ಅದು. ನೋಡಬೇಕೆಂದರೆ ಬಗ್ಗಬೇಕು.

ಪ್ರದರ್ಶನದ ದಿನ ಮಳೆ ಜೋರಾಗಿತ್ತು. ಆದರೂ ಜನ ಬಂದರು. ಬಾಗಿಲಲ್ಲಿ ಛತ್ರಿಗಳ ರಾಶಿ. ಭಾಷಣ ಇರಲಿಲ್ಲ. ಎಲ್ಲರೂ ಮೊದಲು ತಮ್ಮ ಮನೆಯ ಮಣೆ ಹುಡುಕುತ್ತಿದ್ದರು, ಸಿಕ್ಕಮೇಲೆ ಮಕ್ಕಳನ್ನು ಕರೆದು ತೋರಿಸುತ್ತಿದ್ದರು.

"ಇದ ನೋಡ, ನೀ ಹುಟ್ಟಿದ ವರ್ಷದ್ದು."

"ಅಯ್ಯ, ಇದು ನಮ್ಮ ಬೀಗತಿ ಹಂಗ ಕಣ್ಣ ಬಿಟಗೊಂಡ ನೋಡತೈತಿ!"

ಸಾಂಗೆಯ ಫಿಟರ್ ತನ್ನ ಮಣೆಯ ಮುಂದೆ ನಿಂತಿದ್ದ. ಪಕ್ಕದ ಮಣೆಗಳ ಮೇಲೆ ಸಾಲು ಸಾಲು ಕಣ್ಣು, ಅವನದು ಹೊಳೆಯುವ ಖಾಲಿ. ನನ್ನ ಕಡೆ ತಿರುಗಿದ.

"ನಮ್ಮದರ ಮ್ಯಾಲೂ ಇದ್ದುವೇನ?"

"ಇದ್ದುವು."

"ಅವತ್ತ ಯಾಕ ಹೇಳ್ಲಿಲ್ಲ ನೀ? ಚಲೋ ಆಗೇತಿ ಅಂದ್ಯಲ್ಲ!"

"ಮೊದಲ ಹೇಳಬೇಕಿತ್ತು. ಅದು ನನ್ನ ತಪ್ಪು."

ಅವನನ್ನು ಹಲಗೆಯ ಹತ್ತಿರ ಕರೆದುಕೊಂಡು ಹೋದೆ. ಮೂರು-ಎರಡು ಎಂಬ ಗುರುತನ್ನು ತೋರಿಸಿ, ಇದು ನಿಮ್ಮ ಮೇಜಿನ ಎತ್ತರ, ಇವು ನಿಮ್ಮ ಗಣಪತಿಯ ಕಣ್ಣು ಎಂದೆ. ಅವನು ಮೊಣಕಾಲೂರಿ ಕುಳಿತುಬಿಟ್ಟ. ಅಷ್ಟರಲ್ಲಿ ಹಿಂದೆ ಜನ ಸೇರಿದರು. ನಮ್ಮದು ಯಾವುದು, ನಮ್ಮದು ಯಾವುದು ಎಂದು ಕೇಳತೊಡಗಿದರು. ಎಲ್ಲ ಎತ್ತರಗಳೂ ನನಗೆ ಬಾಯಿಪಾಠ. ಒಂದೊಂದಾಗಿ ಹೇಳಿದೆ.

ಮುಕಾದಮ ಕೊನೆಗೆ ಬಂದ. ಕೇಳಲಿಲ್ಲ. ಎರಡು-ಆರರ ಕೆಳಗೆ ತಾನೇ ಬೆರಳಿಟ್ಟು ಎಣಿಸತೊಡಗಿದ. ಬಂದರಿನಲ್ಲಿ ಚೀಲ ಎಣಿಸಿದ ಬೆರಳು, ತಪ್ಪುವಂಥದಲ್ಲ. ಹದಿನಾರು ಗೆರೆಗಳು ಸೊಟ್ಟಗಿದ್ದವು. ಹದಿನೇಳನೆಯದು ಸರಿಯಾಗಿತ್ತು.

"ನಮ್ಮನೀ ಗಣಪ್ಪಗ ಹದಿನೇಳ ಸಲಾ ಬರದಾನಲ್ಲೋ" ಎಂದ. ಯಾರಿಗೆ ಹೇಳಿದನೋ ತಿಳಿಯಲಿಲ್ಲ. ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆಮೇಲೆ ವೈನಿ ಕುಳಿತಿದ್ದಲ್ಲಿಗೆ ಹೋಗಿ, "ನಾ ಒಂದ ಮಾತ ಆಡಿದ್ದೆ ತಂಗಿ. ಅದನ್ನ ಹಿಂದಕ್ಕ ತಗೊಂಡೆ" ಎಂದ. ವೈನಿ ಕುರ್ಚಿ ಸರಿಸಿ, "ಕುಂದರ್ರಿ ಕಾಕಾ, ಚಾ ಕುಡೀರಿ" ಎಂದರು.

ಮೂರ್ತಿಕಾರ ಮುಚ್ಚಿಡಲು ಹೇಳಿದ್ದು ಸೊಟ್ಟ ಗೆರೆಗಳನ್ನು. ಅವನ ಕೈಯನ್ನು ಜನ ನಂಬಿದ್ದು ಆ ಸೊಟ್ಟ ಗೆರೆಗಳಿಂದಲೇ. ಇದನ್ನು ಅವನಿಗೆ ಹೇಳಬೇಕು ಎಂದು ಅವತ್ತು ಎಷ್ಟೋ ಸಲ ಅನ್ನಿಸಿ, ಬಾಗಿಲ ಕಡೆಗೆ ನೋಡಿದ್ದೇನೆ.

ಹಲಗೆಯನ್ನು ಶಾಲೆಯ ಗಾಜಿನ ಕಪಾಟಿನಲ್ಲಿಡೋಣ ಎಂದು ಬಾಯಾರು ಕೇಳಿದರು. ವೈನಿ, ಅದು ಗಾಡಿಯದು, ಗಾಡಿಗೇ ಹೋಗಲಿ ಎಂದರು. ಹೊಸ ಬೋಲ್ಟು ಹಾಕಿ ಮೊದಲಿನ ಜಾಗದಲ್ಲೇ ಕೂರಿಸಿದೆ. ಗೋಣಿಚೀಲ ತೆಗೆದೆ.

ಮಣೆಗಳು ಆಷಾಢಕ್ಕೆ ಮೊದಲೇ ಮನೆ ಸೇರಿದವು. ಆ ಚೌತಿಗೆ ಜನ ಬೇರೆ ಬೇರೆ ಮೂರ್ತಿಕಾರರ ಹತ್ತಿರ ಹೋದರು. ಆದರೆ ಮೂರ್ತಿ ತರಲು ಹಲವರು ನನ್ನನ್ನೇ ಕರೆದರು. ಸಾಂಗೆಯ ಫಿಟರ್ ವಾಸ್ಕೋದ ಒಬ್ಬ ಮೂರ್ತಿಕಾರನಲ್ಲಿ ಮಾಡಿಸಿದ್ದ. ಅಂಗಳದಲ್ಲಿ ಮೂರ್ತಿ ಸಿದ್ಧವಾಗಿ ನಿಂತಿತ್ತು. ಹಳದಿ ಪೀತಾಂಬರ, ದೊಡ್ಡ ಕಣ್ಣು, ಚೆನ್ನಾಗಿಯೇ ಇತ್ತು.

"ಈ ಸಲಾ ನೀ ಮುಂದ ಹಿಡಿ ಭಾಯಿ, ಮಾರೀನರ ಕಾಣತೈತಿ" ಎಂದ ಫಿಟರ್.

"ಬ್ಯಾಡ, ರೂಢಿ ಇಲ್ಲ" ಎಂದು ಹಿಂದೆ ಹೋದೆ.

ಬಗ್ಗಿದಾಗ ಕಂಡಿತು. ಹೊಳೆಯುವ ಅಂಚಿನ ನಡುವೆ ಒಂದು ಸಣ್ಣ ಕಣ್ಣು. ಕೆಳಗೊಂದು ಗೆರೆ, ಮೇಲೊಂದು ಚುಕ್ಕೆ. ಗೆರೆ ದಪ್ಪಗೆ ಎಲ್ಲಿಗೋ ಹೊರಟಿತ್ತು, ಚುಕ್ಕೆ ಇನ್ನೆಲ್ಲಿಗೋ. ನಾನು ತಲೆ ಎತ್ತಿದೆ. ಫಿಟರ್ ಮೂರ್ತಿಯ ಕಿವಿಯ ಪಕ್ಕದಿಂದ ನನ್ನನ್ನೇ ನೋಡುತ್ತಿದ್ದ.

"ನಾನ ಬರದೇನಿ. ಲಾರಿಗೆ ನಂಬರ್ ಬರಿಯೂ ಪೇಂಟು. ನಗಬ್ಯಾಡ ಮತ್ತ."

"ಮೆಳ್ಳಗಣ್ಣಾಗೇತಲ್ಲೋ ಮಾರಾಯಾ."

"ಅವಂಗೇನ ಮೊದಲನೇ ಸಲಕ್ಕ ಸರಿ ಬಂದಿತ್ತೇನ? ನೋಡೇನಿ ನಿನ್ನ ಹಲಗೀ ಮ್ಯಾಲ." ಅವನು ಮುಂದಿನ ಅಂಚಿಗೆ ಕೈ ಹಾಕಿದ. "ಹೂಂ, ಎತ್ತು. ಮುಂಜಾನೆ ಬರದದ್ದು, ಇನ್ನೂ ಹಸಿ ಐತಿ."

ಹೆಬ್ಬೆರಳನ್ನು ಸರಿಸಿ ಹಿಡಿದೆ. ಎತ್ತಿದೆವು.